ಇತಿಹಾಸ ಸಂಶೋಧನೆಗೆ ಪುಸ್ತಕ ಆರಿಸುವುದು ಹೇಗೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇತಿಹಾಸದಲ್ಲಿ ಪಿಎಚ್‌ಡಿಗೆ ಸೇರಿದವರೆಲ್ಲ ಮೊದಲು ಕೇಳುವುದು ಇದನ್ನೇ: 'ಸರ್, ಮೆಥಡಾಲಜಿಗೆ, ಅಂದರೆ ಸಂಶೋಧನೆಯ ವಿಧಾನ ಕಲಿಯೋಕೆ, ಯಾವ ಪುಸ್ತಕ ತಗೋಬೇಕು?' ವಿಷಯ ಯಾವುದು ಅಂತ ಗೊತ್ತಾಗದೆ ಉತ್ತರ ಹೇಳೋಕಾಗಲ್ಲ.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಆಕರಗಳನ್ನು ಬರೆಯಿರಿ. ಶಾಸನವಾ, ಸರ್ಕಾರಿ ಕಡತವಾ, ಹಿರಿಯರ ಬಾಯಿಮಾತಾ? ನಮ್ಮ ಕಡೆ ಇದು ಸ್ವಲ್ಪ ಗೋಜಲು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿಗೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಗ್ರಹ ಹಳೇ ಮೈಸೂರಿನದು, ಅದರಲ್ಲಿ ನಮ್ಮೂರಿನ ಶಾಸನ ಹುಡುಕುತ್ತಾ ಕೂತರೆ ಸುಮ್ನೆ ಟೈಮ್ ಹೋಗುತ್ತದೆ. ಬಳ್ಳಾರಿಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ತೆಗೆಯಬೇಕು. ಹಂಪಿ ಕನ್ನಡ ವಿವಿಯ ಶಾಸನ ಸಂಪುಟಗಳೂ ಇವೆ. ನಿಜಾಮರ ಕಡತಕ್ಕೆ ಕೈ ಹಾಕುವವರು ಉರ್ದು ಓದಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಪುಸ್ತಕ ಕೈಗೆ ಬಂದ ಮೇಲೆ ಪೀಠಿಕೆ ಬಿಟ್ಟು ಆಕರ ವಿಮರ್ಶೆಯ ಅಧ್ಯಾಯಕ್ಕೇ ಹೋಗಿ. ಅಲ್ಲಿ ಬಾಹ್ಯ, ಆಂತರಿಕ ಅಂತ ಎರಡು ವಿಮರ್ಶೆ ಇರುತ್ತವೆ. ಅವನ್ನು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನದ ಬಂಡೆಗೆ ಹಚ್ಚಿ ನೋಡಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅದು. ಅದಕ್ಕೂ ಮೊದಲು ಸಿಕ್ಕಿದ್ದವುಗಳಲ್ಲಿ 'ದೇವಾನಾಂಪ್ರಿಯ' ಅನ್ನುವಂಥ ಬಿರುದುಗಳಷ್ಟೇ ಇದ್ದರೆ ಇಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಲಿಪಿ ಯಾವ ಕಾಲದ್ದು, ಅಕ್ಷರ ಎಲ್ಲಿ ಅಳಿಸಿದೆ? ಇದು ಬಾಹ್ಯ. ರಾಜ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದನ್ನು ಎಷ್ಟು ನಂಬಬೇಕು? ಇದು ಆಂತರಿಕ. ಇಂಥ ಪ್ರಶ್ನೆ ಕೇಳುವುದನ್ನು ಕಲಿಸದೆ ಬರೀ ವ್ಯಾಖ್ಯೆ ಕೊಟ್ಟು ಮುಂದೆ ಹೋಗುವ ಪುಸ್ತಕ ನೆಟ್ ಪರೀಕ್ಷೆಗೆ ಸಾಕು, ಥೀಸಿಸ್‌ಗೆ ಸಾಲದು.

ಇನ್ನು ಹೆಸರುಗಳು. ಇ.ಎಚ್. ಕಾರ್ ಅವರ 'ವಾಟ್ ಈಸ್ ಹಿಸ್ಟರಿ?' ಎಲ್ಲರ ಬಾಯಲ್ಲೂ ಇದೆ ಅಲ್ವಾ? 1961ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೊಟ್ಟ ಉಪನ್ಯಾಸಗಳವು. ಓದಲು ಮಜಾ ಇದೆ, ಆದರೆ ಕಡತ ಓದುವುದು ಹೇಗೆ ಅಂತ ಅದು ಹೇಳುವುದಿಲ್ಲ. ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ಅವರ 'ದಿ ಹಿಸ್ಟೋರಿಯನ್ಸ್ ಕ್ರಾಫ್ಟ್' ಅರ್ಧಕ್ಕೇ ನಿಂತ ಪುಸ್ತಕ. ನಾಜಿಗಳು 1944ರಲ್ಲಿ ಅವರನ್ನು ಗುಂಡಿಟ್ಟು ಕೊಂದರು, ಪುಸ್ತಕ 1949ರಲ್ಲಿ ಅಚ್ಚಾಯಿತು. ಖೊಟ್ಟಿ ದಾಖಲೆ ಹಿಡಿಯುವ ಬಗೆ ತಿಳಿಯಲು ನನ್ನ ಮಟ್ಟಿಗೆ ಇದೇ ಮೊದಲು. ದಿನದ ಕೆಲಸಕ್ಕೆ ಮಾತ್ರ ಜಾನ್ ಟಾಷ್ ಅವರ 'ದಿ ಪರ್ಸ್ಯೂಟ್ ಆಫ್ ಹಿಸ್ಟರಿ'. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರ ಕಾಲದ ನೆನಪು ಕೇಳಲು ಹಳ್ಳಿ ಹಳ್ಳಿ ತಿರುಗುವವರು ಅದರಲ್ಲಿ ಮೌಖಿಕ ಇತಿಹಾಸದ ಭಾಗ ಓದಿಯೇ ಹೊರಡಿ. 1984ರ ಮೊದಲ ಮುದ್ರಣ ಅಗ್ಗಕ್ಕೆ ಸಿಕ್ಕರೂ ಬೇಡ, ಆಮೇಲೆ ಅದನ್ನು ತುಂಬಾ ತಿದ್ದಿದ್ದಾರೆ. ಶಾಸನ, ಹಸ್ತಪ್ರತಿ ನಂಬಿದವರಿಗೆ ಎಂ.ಎಂ. ಕಲಬುರ್ಗಿ ಅವರ 'ಕನ್ನಡ ಸಂಶೋಧನ ಶಾಸ್ತ್ರ' ಇದೆ.

ಕೊಳ್ಳುವ ಮುಂಚೆ ಲೈಬ್ರರಿಯಿಂದ ತಂದು, ನಿಮ್ಮದೇ ಒಂದು ದಾಖಲೆಯ ಮೇಲೆ ಅದರ ವಿಧಾನ ಪ್ರಯೋಗಿಸಿ ನೋಡಿ. ಅಡಿಟಿಪ್ಪಣಿ ಯಾವ ಪದ್ಧತಿಯಲ್ಲಿರಬೇಕು ಅಂತ ಮಾತ್ರ ಗೈಡ್ ಹತ್ತಿರವೇ ಕೇಳಿ.