ಖುಕ್ರಿ ಫಿನಿಶ್ ಗ್ರೇಡ್: ರಾ ಪೀಸ್ ತಗೊಂಡು ನಾನೇ ಉಜ್ಕೊಂಡಿದ್ದು (ನನ್ನ ಅನುಭವ)

ಪೂರ್ವ ನೇಪಾಳದ ಧರಾನ್ ಕಡೆ ಸರ್ವೇ ಲೈನ್ ಕ್ಲಿಯರ್ ಮಾಡೋ ಕೆಲಸಕ್ಕೆ ಮಿರರ್ ಪಾಲಿಶ್ ಖುಕ್ರಿ (ನೇಪಾಳದ ಬಾಗಿದ ಕತ್ತಿ) ಬೇಡ, ರಾ ಫಿನಿಶ್ (ಕುಲುಮೆಯಿಂದ ಬಂದಂಗೇ, ಪಾಲಿಶ್ ಮಾಡದ್ದು) ತಗೊಂಡು ಬೇಕಾದಷ್ಟು ಮಾತ್ರ ನಾವೇ ಉಜ್ಕೊಳ್ಳೋಣ ಅಂತ ನಾನು ಹೇಳ್ದಾಗ ಸೈಟ್‌ನಲ್ಲಿ ಒಬ್ರೂ ಒಪ್ಲಿಲ್ಲ. ಅದು ಸೆಕೆಂಡ್ಸ್ ಮಾಲು, ಅರ್ಧಕ್ಕೆ ಬಿಟ್ಟಿದ್ದು, ಒಂದು ಮಳೆಗಾಲಕ್ಕೆ ತುಕ್ಕು ತಿಂದುಹೋಗತ್ತೆ ಅಂದ್ರು. ಆ ಕತ್ತಿ ಈಗ ಮೂರ್ನಾಲ್ಕು ಮಳೆಗಾಲ ನೋಡಿದೆ, ಬಾಯಿ ಎಲ್ಲೂ ಹಲ್ಲು ಹೋಗಿಲ್ಲ, ಅವತ್ತು ಬೇಡ ಅಂದೋರೇ ಈಗ ಸರ್ ನಮಗೂ ಒಂದು ಆರಿಸ್ಕೊಡಿ ಅಂತ ಬರ್ತಾರೆ. ಅದಕ್ಕೇ ಬರೀತಿದೀನಿ.

ಮೊದಲು ಒಂದು ವಿಷಯ ತಲೇಲಿರ್ಲಿ. ಒಂದೇ ಕುಲುಮೇಲಿ ರಾ, ಸೆಮಿ, ಮಿರರ್ ಮೂರೂ ಆಗತ್ತೆ, ಅದೇ ಲಾರಿ ಸ್ಪ್ರಿಂಗ್ ಪಟ್ಟಿ, ಅದೇ ಸುತ್ತಿಗೆ, ಕೆಟಲ್‌ನಿಂದ ಬಾಯಿ ಉದ್ದಕ್ಕೂ ನೀರು ಸುರಿದು ಹದ ಹಾಕೋದೂ (ಉಕ್ಕನ್ನ ಗಟ್ಟಿ ಮಾಡೋದು) ಅದೇ. ಆಮೇಲೆ ಗ್ರೈಂಡರ್, ಎಮ್ರಿ, ಬಫ್ಫಿಂಗ್ ಅಂತ ಹೋಗತ್ತಲ್ಲ, ಎಲ್ಲಿ ನಿಲ್ಲಿಸಿದ್ರು ಅನ್ನೋದೇ ಗ್ರೇಡ್. ಅಂದ್ರೆ ನಾವು ಜಾಸ್ತಿ ಕೊಡೋದು ಉಜ್ಜೋ ಕೂಲಿಗೆ, ಹದಕ್ಕಲ್ಲ. ನಾನು ಕೊಟ್ಟಿದ್ದು ನೆನಪಿದ್ದಂಗೆ ಮೂರೂವರೆ ಸಾವಿರ ನೇಪಾಳಿ ರೂಪಾಯಿ, ಅದೇ ಅಳತೆ ಮಿರರ್‌ಗೆ ಆರು ಸಾವಿರದ ಮೇಲೆ ಕೇಳ್ತಿದ್ರು. ನಮ್ಮ ಒಂದು ರೂಪಾಯಿಗೆ ಅವರದ್ದು 1.60, ಲೆಕ್ಕ ಹಾಕ್ಕೊಳ್ಳಿ.

ಮಿರರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗೀರು ಕಮ್ಮಿ ಇರೋದ್ರಿಂದ ನೀರು ನಿಲ್ಲಲ್ಲ, ಒರೆಸಿಟ್ರೆ ತುಕ್ಕೂ ತಡವಾಗಿ ಬರತ್ತೆ. ಆದ್ರೆ ಮೊದಲನೇ ಬಿದಿರು ಕಡಿದ ತಕ್ಷಣ ಗೀರು ಎದ್ದು ಕಾಣತ್ತೆ. ಅದಕ್ಕಿಂತ ದೊಡ್ಡ ತೊಂದರೆ ಏನಪ್ಪಾ ಅಂದ್ರೆ, ಬಫ್ಫಿಂಗ್ ವೀಲ್‌ಗೆ ಜಾಸ್ತಿ ಹೊತ್ತು ಒತ್ತಿದ್ರೆ ತೆಳ್ಳಗಿರೋ ಬಾಯಿ ಕಾದು ಹದ ಇಳಿದುಹೋಗತ್ತೆ, ಕಾದಾಗ ಬರೋ ನೀಲಿ ಬಣ್ಣವನ್ನ ಮುಂದಿನ ಪಾಲಿಶ್ ಅಳಿಸಿಬಿಡತ್ತೆ, ನಮಗೆ ಗೊತ್ತೇ ಆಗಲ್ಲ. ಕಾಠ್ಮಂಡುವಿನ ಒಂದು ಅಂಗಡೀಲಿ ತಗೊಂಡ ಫಳಫಳ ಪೀಸ್ ಹಂಗೇ ಆಗಿತ್ತು, ಹೊಟ್ಟೆ ಭಾಗದಲ್ಲೂ (ಕಡಿಯೋ ಅಗಲದ ಜಾಗ) ಕಬ್ಬಿಣ ಉಜ್ಜೋ ಅರ ಬೆಣ್ಣೆಗೆ ಹೋದಂಗೆ ಹೋಗ್ತಿತ್ತು, ದುಡ್ಡು ಹೋಯ್ತು.

ಆಮೇಲಿಂದ ಸಣ್ಣ ಅರ ಜೇಬಲ್ಲೇ ಇರತ್ತೆ. ಮಾರೋರನ್ನ ಕೇಳ್ಕೊಂಡು, ಸಾಣೆ ಹಿಡಿದ ಬಾಯಿ ಅಂಚು, ಬೆನ್ನು ಇಷ್ಟರ ಮೇಲೆ ಮಾತ್ರ ಹಗುರವಾಗಿ ಎಳೀತೀನಿ, ಮೊದಲನೇ ಸಲ ಮಸೆದಾಗ ಬಾಯಿ ಮೇಲಿನ ಗುರುತು ಹೋಗತ್ತೆ. ಹೊಟ್ಟೆ ಹತ್ರ ಅರ ಕಚ್ಚದೆ ಗಾಜಿನ ಮೇಲೆ ಎಳೆದಂಗೆ ಜಾರಬೇಕು, ಮೂತಿ ಕಡೆ ಸ್ವಲ್ಪ ಕಚ್ಚಬಹುದು, ಚೋ (ಹಿಡಿ ಹತ್ರ ಬಾಯಲ್ಲಿರೋ ಸಣ್ಣ ಕಚ್ಚು) ಹತ್ರಾನೂ ಅಷ್ಟೆ. ಬೆನ್ನು ಮಾತ್ರ ಚೆನ್ನಾಗಿ ಕಚ್ಲೇಬೇಕು. ಬೆನ್ನೂ ಜಾರಿದ್ರೆ ಅಲ್ಲೇ ಇಟ್ಟು ಬನ್ನಿ, ಗಟ್ಟಿ ಮರಕ್ಕೆ ಹೊಡೆದಾಗ ಮುರಿಯೋ ಜಾತಿ ಅದು.

ರಾ ಪೀಸಲ್ಲಿ ಒಂದು ನಿಜವಾದ ಅಪಾಯ ಇದೆ, ಕುಲುಮೆಯ ಕಪ್ಪು ಪದರದ ಅಡೀಲಿ ಕೂದಲೆಳೆ ಬಿರುಕು ಕಾಣಲ್ಲ. ಅದಕ್ಕೆ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೇಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರ್ಸಿ. ಬಿರುಕಿದ್ರೆ ಒಳಗಿನ ಎಣ್ಣೆ ಪುಡಿಗೆ ಏರಿ ಗೆರೆ ಮೂಡತ್ತೆ. ಚೋ ಸುತ್ತ ತಪ್ಪದೆ ನೋಡಿ. ಕುಲುಮೆ ದಾಯಿ (ಅಲ್ಲಿ ಅಣ್ಣ ಅಂತ ಕರೆಯೋದು ಹಂಗೆ) ಇದನ್ನ ನೋಡಿ, ಆಮೇಲೆ ತಾವೇ ಮಾಡೋಕೆ ಶುರು ಮಾಡಿದ್ರು, ನನಗೆ ಅದೇ ದೊಡ್ಡ ಸರ್ಟಿಫಿಕೇಟು.

ಫಿನಿಶಿಂಗ್ ಅಂತ ನಾನು ಮಾಡೋದು ಇಷ್ಟೇ. ಸಡಿಲ ಇರೋ ಪದರ ವೈರ್ ಬ್ರಷ್‌ನಲ್ಲಿ ಕಿತ್ತು, ಗಟ್ಟಿಯಾಗಿ ಕೂತಿರೋದನ್ನ ಹಂಗೇ ಬಿಡ್ತೀನಿ, ಎಣ್ಣೆ ಹಿಡ್ಕೊಳ್ಳೋದು ಅದೇ. ಬಾಯಿಂದ ಮೇಲೆ ಎರಡು ಬೆರಳಗಲ ಮಾತ್ರ ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ 120, 220, 400 ನಂಬರ್ ಅಂತ ಉದ್ದುದ್ದಕ್ಕೆ, 400ಕ್ಕೆ ಸ್ಟಾಪ್, ಅದರ ಮೇಲೆ ಹೋದ್ರೆ ಕೈ ನೋವೇ ಹೊರತು ಕಡಿಯೋಕೆ ಏನೂ ಲಾಭ ಇಲ್ಲ. ಬಾಯಿ ಉಬ್ಬು ಹಂಗೇ ಉಳೀಬೇಕಂದ್ರೆ ಪೇಪರ್ ಅಡಿ ಹಳೇ ಹವಾಯಿ ಚಪ್ಪಲಿ ಅಟ್ಟೆ ಇಟ್ಟು ಹಿಂದಕ್ಕೆ ಎಳೀರಿ. ಎರಡು ಸಂಜೆ ಕೆಲಸ, ಪೇಪರ್ ಖರ್ಚು ಇನ್ನೂರು ಮುನ್ನೂರು ರೂಪಾಯಿ.

ಮಧ್ಯೆ ಪಾಟಿನಾ (ಹುಳಿ ತಾಗಿಸಿ ಉಕ್ಕಿನ ಮೇಲೆ ಕಪ್ಪು ಬಣ್ಣ ತರೋದು) ಹುಚ್ಚೂ ಹಿಡೀತು. ಹುಣಸೆಹುಳಿ ಬಳಿದ್ರೆ ಕಲೆ ಕಲೆ ಆಯ್ತು, ಪೂರ್ತಿ ಉಜ್ಜಿ ತೆಗೀಬೇಕಾಯ್ತು. ವಿನೆಗರ್‌ಗೆ ಗಟ್ಟಿ ಕಾಫಿ ಸೇರ್ಸಿ ಬೆಚ್ಚಗೆ ಮಾಡಿ ಅರ್ಧ ಗಂಟೆ ಇಟ್ರೆ ಒಂದೇ ಸಮ ಬೂದುಗಪ್ಪು ಬಂತು, ಜೊತೆಗೆ ಕೆಟಲ್ ನೀರು ಬಿದ್ದ ಜಾಗ ಬೇರೆ ಬಣ್ಣವಾಗಿ ಅಲೆಅಲೆ ಗೆರೆ ಎದ್ದು ಬಂತು! ಹದ ಎಲ್ಲಿಂದ ಎಲ್ಲೀತನಕ ಇದೆ ಅಂತ ಕಣ್ಣಾರೆ ಕಂಡ್ಬಿಡ್ತು, ಅದರ ಫೋಟೋ ಎಷ್ಟು ಜನಕ್ಕೆ ಕಳಿಸಿದೀನೋ. ಹಿಡಿ ಹತ್ರ ಮಾತ್ರ ಬಿಸಿ ತಾಗಿಸ್ಬೇಡಿ, ಹಿಡಿ ಕೂರಿಸೋ ಅಂಟು ಲಾಹಾ ಅರಗಿನ ಥರದ್ದೇ, ಕರಗಿ ಹಿಡಿ ಅಲ್ಲಾಡತ್ತೆ. ಹಿಡಿಗೆ ಅವರು ಹಾಕೋ ಸತಿಸಾಲ್ ಮರ ನಮ್ಮ ಮಲೆನಾಡಿನ ಬೀಟೇನೇ, ಅದಕ್ಕೆ ಬೇರೆ ಉಪಚಾರ ಬೇಕಾಗಿಲ್ಲ.

ಎಣ್ಣೆ ವಿಷಯಕ್ಕೆ ಬಂದ್ರೆ ಅಲ್ಲೆಲ್ಲ ಸಾಸಿವೆ ಎಣ್ಣೇನೇ, ದಿನಾ ಕಡಿಯೋ ಕತ್ತಿಗೆ ಪರವಾಗಿಲ್ಲ, ಇಟ್ಟಲ್ಲೇ ಇದ್ರೆ ಅಂಟು ಕಟ್ಟತ್ತೆ. ನಾನು ಅದಕ್ಕೆ ಇನ್ನೊಂದು ಬೆರೆಸ್ತೀನಿ, ಏನು, ಎಷ್ಟು ಅಂತ ಇಲ್ಲಿ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ. ಮಳೆಗಾಲದಲ್ಲಿ ಒರೆಯೊಳಗೆ ಇಡಲೇಬೇಡಿ, ಎಮ್ಮೆ ಚರ್ಮ ತೇವ ಎಳ್ಕೊಂಡು ಅಲಗಿಗೆ ಕೊಡತ್ತೆ, ಯಾವ ಗ್ರೇಡ್ ಆದ್ರೂ ತುಕ್ಕು ಗ್ಯಾರಂಟಿ.

ತಗೊಳ್ಳೋರು ಅಂಗಡಿಗಿಂತ ಕುಲುಮೆಗೇ ಹೋಗಿ, ಬಫ್ಫಿಂಗ್‌ಗೆ ಹೋಗೋ ಮುಂಚೆ ಹೇಳಿಡಿ. ನನ್ನ ಹತ್ರ ಅರ್ಧ ದುಡ್ಡು ಅಡ್ವಾನ್ಸ್ ಕೇಳಿದ್ರು, ಕೊಟ್ಟೆ, ಹತ್ತು ಹದಿನೈದು ದಿನಕ್ಕೆ ಕೈಗೆ ಬಂತು, ಕರ್ದಾ (ಜೊತೆಗೆ ಬರೋ ಸಣ್ಣ ಚಾಕು), ಚಕ್ಮಕ್ (ಬಾಯಿ ಮಸೆಯೋ ತುಂಡು) ಎರಡೂ ಸೇರಿ.