ಕಾಲು ಹಿಡಿದಾಗ ರೈಡರ್ ಹೇಗೆ ಬೀಳಬೇಕು: ಗೇಮ್‌ನಲ್ಲಿ ಮೈ ಆಡಿಸಿದ ನನ್ನ ಅನುಭವ

ಸುರತ್ಕಲ್‌ನ ಮನೆಯಲ್ಲಿ ಕೂತು ರಾತ್ರಿ ಹೊತ್ತು ಒಂದು ಕಬಡ್ಡಿ ಗೇಮ್ ಮಾಡುತ್ತಿದ್ದೇನೆ. ಹಗಲು ಬೇರೆ ಕೆಲಸ ಇದೆ, ಹೊಟ್ಟೆಪಾಡು ಅದರಲ್ಲಿ. ಗೇಮ್ ಮೊಬೈಲ್‌ಗೆ, ಮಾಡುತ್ತಿರುವುದು ಯೂನಿಟಿ ಅನ್ನುವ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ. ಮೆನು, ಸ್ಕೋರ್ ಬೋರ್ಡ್, ಸೌಂಡು ಎಲ್ಲ ಬೇಗ ಮುಗಿದವು. ಹೊತ್ತು ತಿಂದದ್ದು ಒಂದೇ ವಿಷಯ. ಕ್ಯಾಚರ್ ಬಂದು ಕಾಲು ಹಿಡಿದಾಗ ರೈಡರ್‌ನ ಮೈ ಏನು ಮಾಡಬೇಕು? ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ. ಗುದ್ದಾಟದ ಗೇಮ್, ಶೂಟಿಂಗ್ ಗೇಮ್ ಮಾಡುವವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ.

ಹಳೇ ದಾರಿ ಎಲ್ಲರಿಗೂ ಗೊತ್ತು. ಹೊಡೆತ ಬಿದ್ದ ಕೂಡಲೇ ಮೊದಲೇ ಮಾಡಿಟ್ಟ ಅನಿಮೇಶನ್ ಓಡಿಸುವುದು. ಎದುರಿಂದ ಬಿದ್ದರೆ ಒಂದು, ಹಿಂದಿನಿಂದ ಬಿದ್ದರೆ ಇನ್ನೊಂದು. ಕಬಡ್ಡಿಗೆ ಇದು ಸಾಲುವುದಿಲ್ಲ. ಒಬ್ಬ ಪಾದ ಹಿಡಿದಿರುತ್ತಾನೆ, ಇನ್ನೊಬ್ಬ ಸೊಂಟಕ್ಕೆ ಕೈ ಹಾಕಿರುತ್ತಾನೆ, ಅಷ್ಟರಲ್ಲಿ ಮೂರನೆಯವನು ಬಂದು ಡ್ಯಾಶ್ ಕೊಡುತ್ತಾನೆ, ಅಂದರೆ ಮೈಯಿಂದ ಗುದ್ದಿ ತಳ್ಳುತ್ತಾನೆ. ಇದಕ್ಕೆಲ್ಲ ಎಷ್ಟು ಅನಿಮೇಶನ್ ಮಾಡಿಡಲಿಕ್ಕಾಗುತ್ತದೆ?

ಇನ್ನೊಂದು ದಾರಿ ರ‍್ಯಾಗ್‌ಡಾಲ್. ಮೈಯ ಒಂದೊಂದು ಭಾಗಕ್ಕೂ ತೂಕ ಕೊಟ್ಟು, ಜಾಯಿಂಟ್ ಹಾಕಿ, ಉಳಿದದ್ದನ್ನು ಫಿಸಿಕ್ಸ್‌ಗೆ ಬಿಟ್ಟುಬಿಡುವುದು. 1998ರ ಟ್ರೆಸ್‌ಪಾಸರ್ ಗೇಮ್ ಇಡೀ ಮೈಯನ್ನು ಫಿಸಿಕ್ಸ್‌ನಿಂದಲೇ ಆಡಿಸಲು ನೋಡಿತ್ತು. 2000ದಲ್ಲಿ ಬಂದ ಮೊದಲ ಹಿಟ್‌ಮ್ಯಾನ್‌ನಲ್ಲಿ ಸತ್ತವರು ಮೆಟ್ಟಿಲ ಮೇಲೆ ಸರಿಯಾಗಿ ಜೋತು ಬೀಳುತ್ತಿದ್ದರು. ಅದರ ಫಿಸಿಕ್ಸ್ ಬರೆದ ಥಾಮಸ್ ಯಾಕೊಬ್ಸೆನ್ ಮುಂದಿನ ವರ್ಷವೇ ಆ ವಿಧಾನವನ್ನು ಪ್ರಬಂಧವಾಗಿ ಬಿಚ್ಚಿಟ್ಟರು. ಇವತ್ತಿಗೂ ಓದಿ, ಕೆಲವೇ ಪುಟ ಇದೆ, ಗಣಿತ ಹೆದರಿಸುವುದಿಲ್ಲ.

ನಾನೂ ರ‍್ಯಾಗ್‌ಡಾಲ್‌ನಿಂದಲೇ ಶುರು ಮಾಡಿದೆ. ಪಕ್ಕದ ಮನೆಯ ಹುಡುಗ ಊರಿನ ಟೀಮಿನಲ್ಲಿ ರೈಡರ್. ಅವನ ಕೈಗೆ ಫೋನ್ ಕೊಟ್ಟೆ. ಸ್ವಲ್ಪ ಆಡಿ ಹೇಳಿದ: "ಎಂತ ಅಣ್ಣ ಇದು, ಕಾಲು ಹಿಡಿದ ಕೂಡ್ಲೆ ಇವನಿಗೆ ಪ್ರಜ್ಞೆ ತಪ್ಪಿದ್ದಾ? ಗೆರೆ ಮುಟ್ಲಿಕ್ಕೆ ನೋಡುದೇ ಇಲ್ಲ ಅಲ್ಲ!"

ವಿಷಯ ಇರುವುದೇ ಅಲ್ಲಿ. ರ‍್ಯಾಗ್‌ಡಾಲ್‌ಗೆ ಬೀಳಲು ಮಾತ್ರ ಗೊತ್ತು. ಮನುಷ್ಯ ಬೀಳದೆ ಇರಲು ನೋಡುತ್ತಾನೆ, ಬಿದ್ದರೂ ಒಂದು ಉದ್ದೇಶ ಇಟ್ಟುಕೊಂಡು ಬೀಳುತ್ತಾನೆ. ರೈಡರ್‌ನ ಉದ್ದೇಶ ನಡುಗೆರೆ. ಬೆರಳ ತುದಿ ಗೆರೆಗೆ ತಾಗಿದರೂ ಸಾಕು, ಹಿಡಿದವರೆಲ್ಲ ಔಟ್. 2008ರ ಜಿಟಿಎ 4ರಲ್ಲಿ ಗುದ್ದಿಸಿಕೊಂಡವರು ಎಡವುತ್ತ, ಏನಾದರೂ ಹಿಡಿದುಕೊಳ್ಳಲು ನೋಡುತ್ತ ಬೀಳುವುದು ನೆನಪಿದೆಯಲ್ವಾ? ಅದರ ಹಿಂದೆ ನ್ಯಾಚುರಲ್‌ಮೋಶನ್ ಕಂಪನಿಯ ಯೂಫೋರಿಯಾ ಅನ್ನುವ ಸಾಫ್ಟ್‌ವೇರ್ ಇತ್ತು. ಅದು ನಮ್ಮ ಕೈಗೆ ಸಿಗುವ ವಸ್ತು ಅಲ್ಲ. ಆದರೆ ಅದರ ಬುದ್ಧಿಯ ಒಂದು ತುಂಡನ್ನು ನಾವೂ ಮಾಡಿಕೊಳ್ಳಬಹುದು.

ಕೋಡ್ ಬರೆಯುವ ಮೊದಲು ಆಟ ನೋಡಲು ಹೋದೆ. ಮಳೆ ಬಿಟ್ಟ ಮೇಲೆ ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾಟಕ್ಕೆ ಬರವಿಲ್ಲ. ಮುಲ್ಕಿ, ಪಡುಬಿದ್ರಿ, ಕಾಪು, ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಅಂಕಣದ ಬದಿಯಲ್ಲಿ ಕೂತು ಫೋನಿನ ಸ್ಲೋ ಮೋಶನ್‌ನಲ್ಲಿ ತೆಗೆದೆ. ಒಂದು ಕಿವಿಮಾತು: ಫ್ಲಡ್‌ಲೈಟ್ ಮಿಣುಕುವುದು ಸ್ಲೋ ಮೋಶನ್‌ನಲ್ಲಿ ಎದ್ದು ಕಾಣುತ್ತದೆ. ಸಂಜೆ ಬೆಳಕಿರುವಾಗಲೇ ನಡೆಯುವ ಮೊದಲ ಸುತ್ತಿನ ಮ್ಯಾಚ್‌ಗಳೇ ಒಳ್ಳೆಯದು.

ಮನೆಗೆ ಬಂದು ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ಕಣ್ಣಿಗೆ ಕಾಣದ ಎಷ್ಟೋ ಸಂಗತಿ ಸಿಕ್ಕಿತು. ಪಾದ ಹಿಡಿದ ಕ್ಷಣಕ್ಕೆ ಆ ಕಾಲು ಮಾತ್ರ ನಿಲ್ಲುತ್ತದೆ. ಸೊಂಟ ಮುಂದೆ ಹೋಗುತ್ತಲೇ ಇರುತ್ತದೆ, ಎದೆ ಇನ್ನೂ ಮುಂದೆ. ರೈಡರ್‌ನ ಮುಖ ಬದಲಾಗುವುದು ಆಮೇಲೆ. ನಂತರ ಇನ್ನೊಂದು ಕಾಲು ಸಟ್ಟಂತ ಮುಂದೆ ಬಂದು ಊರುತ್ತದೆ. ಅದೂ ಸಾಲದಿದ್ದರೆ ಮಾತ್ರ ಮೈ ಚಾಚಿ, ಕೈ ಗೆರೆಯ ಕಡೆ ಹೋಗುತ್ತದೆ. ಹಿಡಿಸಿಕೊಂಡ ಕಾಲು ಸುಮ್ನೆ ಇರುವುದಿಲ್ಲ, ಒದೆಯುತ್ತಲೇ ಇರುತ್ತದೆ.

ಇದಕ್ಕೆ ಕಾರಣ ಶರೀರದೊಳಗಿನ ಟೈಮಿಂಗ್. ಸ್ನಾಯುವನ್ನು ಫಕ್ಕನೆ ಎಳೆದರೆ ರಿಫ್ಲೆಕ್ಸ್ ಬರಲು ಸುಮಾರು 0.05 ಸೆಕೆಂಡ್ ಸಾಕು. ತಲೆ ಯೋಚಿಸಿ ಏನಾದರೂ ಮಾಡಬೇಕಾದರೆ 0.2 ಸೆಕೆಂಡ್ ಹತ್ತಿರ ಬೇಕು. ಹಾಗಾಗಿ ನನ್ನ ಕೋಡ್‌ನಲ್ಲಿ ಪ್ರತಿ ಹಿಡಿತಕ್ಕೂ ಮೂರು ಹಂತ ಇಟ್ಟೆ. ಮೊದಲ 0.05 ಸೆಕೆಂಡ್ ಬರೀ ಫಿಸಿಕ್ಸ್, ಮೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅಲ್ಲಿಂದ 0.2ರ ತನಕ ಮೈ ಬಿಗಿಯಾಗುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. 0.2 ಆದ ಮೇಲೆ ಉದ್ದೇಶ ಶುರು: ಹೆಜ್ಜೆ, ಇಲ್ಲವೇ ಚಾಚು. ಇಷ್ಟು ಮಾಡಿದ್ದಕ್ಕೇ ಆಟ ಅರ್ಧ ಸರಿಯಾಯಿತು. ಬಹಳಷ್ಟು ಗೇಮ್‌ಗಳಲ್ಲಿ ಹೊಡೆತ ಬಿದ್ದ ಫ್ರೇಮ್‌ನಲ್ಲೇ ಇಡೀ ಮೈ ಒಟ್ಟಿಗೆ ಪ್ರತಿಕ್ರಿಯೆ ಕೊಡುತ್ತದೆ. ಅದು ಸುಳ್ಳು ಅಂತ ಕಣ್ಣು ತಕ್ಷಣ ಹಿಡಿದುಬಿಡುತ್ತದೆ.

ಈಗ ಒಳಗಿನ ಕೆಲಸ. ಒಬ್ಬ ಆಟಗಾರನಿಗೆ ಎರಡು ಅಸ್ಥಿಪಂಜರ. ಒಂದು ಕಣ್ಣಿಗೆ ಕಾಣದ್ದು, ಅದು ಮಾಮೂಲಿ ಅನಿಮೇಶನ್ ಆಡುತ್ತಿರುತ್ತದೆ. ಇನ್ನೊಂದು ಫಿಸಿಕ್ಸ್‌ನದ್ದು, ಅದರ ಜಾಯಿಂಟ್‌ಗಳು ಮೊದಲನೆಯದರ ಭಂಗಿಯನ್ನು ಹಿಡಿಯಲು ಸ್ಪ್ರಿಂಗ್ ಬಲದಿಂದ ನೋಡುತ್ತವೆ. ಸ್ಪ್ರಿಂಗ್ ಸೊನ್ನೆ ಮಾಡಿದರೆ ರ‍್ಯಾಗ್‌ಡಾಲ್, ವಿಪರೀತ ಏರಿಸಿದರೆ ಕಲ್ಲಿನ ಮೂರ್ತಿ. ಸ್ನಾಯು ಇರುವುದು ಈ ಎರಡರ ನಡುವೆ.

ಯೂನಿಟಿಯ ರ‍್ಯಾಗ್‌ಡಾಲ್ ವಿಝಾರ್ಡ್ 11 ಭಾಗ ಮಾಡಿಕೊಡುತ್ತದೆ: ಸೊಂಟ, ಎದೆ, ತಲೆ, ಎರಡೆರಡು ತೋಳು, ಮುಂಗೈ, ತೊಡೆ, ಮೊಣಕಾಲ ಕೆಳಗಿನದು. ಅದು ಹಾಕುವುದು ಕ್ಯಾರೆಕ್ಟರ್ ಜಾಯಿಂಟ್, ಅದಕ್ಕೆ ಸ್ಪ್ರಿಂಗ್ ಡ್ರೈವ್, ಅಂದರೆ ಬೇಕಾದ ಭಂಗಿಯ ಕಡೆ ಎಳೆಯುವ ಬಲ, ಇಲ್ಲ. ಎಲ್ಲವನ್ನೂ ಕಾನ್ಫಿಗರೇಬಲ್ ಜಾಯಿಂಟ್‌ಗೆ ಬದಲಿಸಬೇಕು. ತೂಕವೂ ಡೀಫಾಲ್ಟ್ ಆಗಿ ಒಟ್ಟು 20 ಕೆಜಿ ಮಾತ್ರ. ಸೀನಿಯರ್ ಗಂಡಸರ ಕಬಡ್ಡಿಯಲ್ಲಿ ತೂಕ 85 ಕೆಜಿ ಮೀರುವಂತಿಲ್ಲ. ನಾನು ರೈಡರ್‌ಗೆ 75 ಇಟ್ಟೆ. ಹಂಚಿದ್ದು ಬಯೋಮೆಕ್ಯಾನಿಕ್ಸ್ ಪುಸ್ತಕಗಳ ಲೆಕ್ಕದಲ್ಲಿ. ಮುಂಡಕ್ಕೆ ಹತ್ತಿರ ಹತ್ತಿರ ಅರ್ಧ, ತಲೆಗೆ ನೂರಕ್ಕೆ 8, ಒಂದೊಂದು ತೊಡೆಗೆ 10, ಪಾದ ಸೇರಿ ಕೆಳಗಾಲಿಗೆ 6, ಅಂಗೈ ಸೇರಿ ಮುಂಗೈಗೆ 2ರಷ್ಟು. ತೂಕ ಸರಿಯಾದರೆ ಬೀಳುವ ರೀತಿಯೇ ಬದಲಾಗುತ್ತದೆ. ತಲೆ ಹಗುರ ಮಾಡಿದರೆ ಮೈ ಬಲೂನಿನ ಹಾಗೆ ಕಾಣುತ್ತದೆ.

ಜಾಯಿಂಟ್‌ನಲ್ಲಿ ಎಲ್ಲರ ತಲೆ ಕೆಡಿಸುವುದು ಟಾರ್ಗೆಟ್ ರೊಟೇಶನ್, ಅಂದರೆ ಜಾಯಿಂಟ್ ಎಷ್ಟು ತಿರುಗಿ ನಿಲ್ಲಬೇಕು ಅನ್ನುವುದು. ಅನಿಮೇಶನ್‌ನ ಲೋಕಲ್ ರೊಟೇಶನ್ (ಮೇಲಿನ ಮೂಳೆಗೆ ಹೋಲಿಸಿ ಎಷ್ಟು ತಿರುಗಿದೆ ಅನ್ನುವುದು) ನೇರ ಕೊಟ್ಟರೆ ಮೊಣಕೈ ಉಲ್ಟಾ ಮಡಚುತ್ತದೆ. ಯಾಕೆಂದರೆ ಅದು ಆರಂಭದ ಭಂಗಿಯಿಂದ ಲೆಕ್ಕ ಹಾಕುತ್ತದೆ, ಅದೂ ತಿರುಗುಮುರುಗಾಗಿ. ಆರಂಭದ ಲೋಕಲ್ ರೊಟೇಶನ್ ಮೊದಲೇ ಎತ್ತಿಟ್ಟುಕೊಳ್ಳಿ. ಈಗಿನ ಅನಿಮೇಶನ್ ರೊಟೇಶನ್‌ನ ಇನ್‌ವರ್ಸ್ (ಅಷ್ಟೇ ಉಲ್ಟಾ ತಿರುಗಿಸಿದ್ದು) ತೆಗೆದು, ಅದನ್ನು ಆರಂಭದ್ದರಿಂದ ಗುಣಿಸಿ ಕೊಡಿ. ಜಾಯಿಂಟ್‌ನ ಆಕ್ಸಿಸ್ ಡೀಫಾಲ್ಟ್‌ನಲ್ಲೇ ಇದ್ದರೆ ಇಷ್ಟು ಸಾಕು.

ಇನ್ನು ಕೆಲವು ಸೆಟ್ಟಿಂಗ್ ಬೇಗ ಹೇಳಿಬಿಡುತ್ತೇನೆ. ಫಿಕ್ಸೆಡ್ ಟೈಮ್‌ಸ್ಟೆಪ್ (ಫಿಸಿಕ್ಸ್ ಎಷ್ಟು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ ಅನ್ನುವುದು) 0.02 ಇರುತ್ತದೆ, 0.01 ಮಾಡಿ. ಸಾಲ್ವರ್ ಅಂದರೆ ಜಾಯಿಂಟ್‌ಗಳ ಲೆಕ್ಕ ಬಿಡಿಸುವ ಭಾಗ; ಅದರ ಇಟರೇಶನ್ (ಸುತ್ತು) 6 ಇರುತ್ತದೆ, ದುಪ್ಪಟ್ಟು ಮಾಡಿ. ರಿಜಿಡ್‌ಬಾಡಿ (ಫಿಸಿಕ್ಸ್ ಆಡಿಸುವ ಒಂದೊಂದು ಭಾಗ) ತಿರುಗುವ ವೇಗಕ್ಕೆ ಡೀಫಾಲ್ಟ್ ಮಿತಿ ಸೆಕೆಂಡಿಗೆ 7 ರೇಡಿಯನ್, ಅಂದರೆ ಸುಮಾರು 400 ಡಿಗ್ರಿ. ಬೀಸಿದ ಕೈ ಅದಕ್ಕಿಂತ ಜೋರು ತಿರುಗುತ್ತದೆ. ಅದನ್ನು ಏರಿಸದಿದ್ದರೆ ಕೈಗಳು ನೀರೊಳಗೆ ಆಡಿದಂತೆ ಕಾಣುತ್ತವೆ, ಕಾರಣ ಹುಡುಕಿ ಹುಡುಕಿ ಸುಸ್ತಾಗುತ್ತದೆ.

ಹಿಡಿತ ಆದಾಗ ಎಲ್ಲ ಜಾಯಿಂಟ್‌ನ ಸ್ಪ್ರಿಂಗ್ ಒಟ್ಟಿಗೆ ಇಳಿಸಬಾರದು. ಪಾದ ಹಿಡಿದರೆ ಆ ಮೊಣಕಾಲಿನದು ಐದನೇ ಒಂದು ಪಾಲಿಗೆ, ಸೊಂಟದ್ದು ಅರ್ಧಕ್ಕೆ, ಬೆನ್ನಿನದು ಸ್ವಲ್ಪವೇ. ಆಚೆ ಬದಿಯ ಕೈಯನ್ನು ಮುಟ್ಟಲೇ ಬೇಡಿ. ಆಮೇಲೆ ಅರ್ಧ ಸೆಕೆಂಡಿನೊಳಗೆ ಎಲ್ಲವೂ ವಾಪಸ್ ಏರಬೇಕು. ರೈಡರ್ ಸುಸ್ತಾದಷ್ಟೂ ಏರುವುದು ನಿಧಾನ. 30 ಸೆಕೆಂಡಿನ ರೈಡ್‌ನ ಕೊನೆಯಲ್ಲಿ ಹಿಡಿಸಿಕೊಂಡವನು ಬೇರೆ ಥರ ಬೀಳುವುದು ಇದರಿಂದಲೇ.

ಡ್ಯಾಶ್ ಬಗ್ಗೆ ಒಂದು ಲೆಕ್ಕ. 80 ಕೆಜಿಯ ಕ್ಯಾಚರ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು ನಿಂತಿರುವ 75 ಕೆಜಿ ರೈಡರ್‌ಗೆ ಗುದ್ದಿ, ಇಬ್ಬರೂ ಅಂಟಿಕೊಂಡೇ ಹೋದರೆ, ವೇಗ ಸೆಕೆಂಡಿಗೆ 2 ಮೀಟರ್ ಚಿಲ್ಲರೆ. ಇದು ದೊಡ್ಡ ತಳ್ಳು. ಹೋಲಿಸಿ ನೋಡಿ: 8 ಗ್ರಾಂನ ಪಿಸ್ತೂಲ್ ಗುಂಡು 360 ಮೀಟರ್ ವೇಗದಲ್ಲಿ ಬಂದು ಮೈಯೊಳಗೇ ನಿಂತರೆ ಆ 75 ಕೆಜಿ ದೇಹಕ್ಕೆ ಸಿಗುವುದು ಸೆಕೆಂಡಿಗೆ 4 ಸೆಂಟಿಮೀಟರ್ ವೇಗ. ಸಿನಿಮಾದಲ್ಲಿ ಗುಂಡು ತಾಗಿದವ ಗಾಜು ಒಡೆದುಕೊಂಡು ಹಾರುತ್ತಾನಲ್ಲ, ಅದು ಡೈರೆಕ್ಟರ್ ಕೊಟ್ಟ ವೇಗ, ಗುಂಡಿನದ್ದಲ್ಲ.

ಹೆಜ್ಜೆ ಎಲ್ಲಿ ಊರಬೇಕು ಅನ್ನುವುದಕ್ಕೆ ರೋಬೋಟ್ ಮಾಡುವವರ ಒಂದು ಸೂತ್ರ ತಗೊಂಡೆ, ಕ್ಯಾಪ್ಚರ್ ಪಾಯಿಂಟ್ ಅಂತಾರೆ. ಮೈಯ ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರ ಇದೆಯೋ ಅದನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಅದನ್ನು ವೇಗದಿಂದ ಗುಣಿಸಿದರೆ ಕಾಲು ಎಷ್ಟು ದೂರ ಊರಿದರೆ ಮೈ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಎತ್ತರ 95 ಸೆಂಟಿಮೀಟರ್ ಇದ್ದರೆ ವರ್ಗಮೂಲ 0.31. ಡ್ಯಾಶ್ ತಿಂದು 2 ಮೀಟರ್ ವೇಗದಲ್ಲಿ ಹೋಗುತ್ತಿರುವವನಿಗೆ 62 ಸೆಂಟಿಮೀಟರ್ ಹೆಜ್ಜೆ ಬೇಕು. ಒಂದು ಹೆಜ್ಜೆಯಲ್ಲಿ ಸುಧಾರಿಸಿಕೊಳ್ಳಬಹುದು. ಆದರೆ ಅದೇ ಕಾಲನ್ನು ಯಾರಾದರೂ ಹಿಡಿದಿದ್ದರೆ? ಮುಗಿಯಿತು. ಕ್ಯಾಚರ್‌ಗಳು ಇಬ್ಬಿಬ್ಬರು ಸೇರಿ ಯಾಕೆ ಬರುತ್ತಾರೆ ಅಂತ ಸೂತ್ರವೇ ಹೇಳುತ್ತದೆ. ನನ್ನ ಕೋಡ್ ಕೂಡ ಇದನ್ನೇ ಕೇಳುತ್ತದೆ: ಆ ಜಾಗಕ್ಕೆ ಬಿಡುವಾಗಿರುವ ಕಾಲು ಎಟಕುತ್ತದಾ? ಎಟಕಿದರೆ ಹೆಜ್ಜೆ. ಇಲ್ಲದಿದ್ದರೆ ಕೈ ಗೆರೆಗೆ, ಗದ್ದ ಎದೆಗೆ, ಬೀಳು.

ನಿಂತಿರುವಾಗ ಸೊಂಟವನ್ನು ಮೇಲಿನಿಂದ ಒಂದು ಕಾಣದ ಸ್ಪ್ರಿಂಗ್ ಹಿಡಿದಿರುತ್ತದೆ. ಕಾಲಿನ ಬಲದಿಂದಲೇ ನಿಲ್ಲಿಸುವ ಹಟ ನನಗಿಲ್ಲ. ಇದು ಈ ಕಸುಬಿನ ಮಾಮೂಲಿ ಕಳ್ಳಾಟ. ಬೀಳು ಅಂತ ತೀರ್ಮಾನವಾದ ಮೇಲೆ ಅದನ್ನು ಒಮ್ಮೆಗೇ ಬಿಡದೆ 0.2 ಸೆಕೆಂಡಿನಲ್ಲಿ ಸಡಿಲಿಸುತ್ತೇನೆ.

ಕೈಯ ಹಿಡಿತ ಇನ್ನೊಂದು ತಲೆನೋವು. ಕ್ಯಾಚರ್‌ನ ಮುಂಗೈಯನ್ನು ರೈಡರ್‌ನ ಕೆಳಗಾಲಿಗೆ ಜಾಯಿಂಟ್‌ನಿಂದ ಸೇರಿಸುತ್ತೇನೆ. ಆ ಮುಂಗೈ ಬರೀ ಒಂದೂವರೆ ಕೆಜಿ ಚಿಲ್ಲರೆ. ಅದರ ಎರಡೂ ಕಡೆ ಎಪ್ಪತ್ತೆಂಬತ್ತು ಕೆಜಿಯ ಎರಡು ಮೈ ಎಳೆದಾಡುತ್ತವೆ. ಹಗುರದ ವಸ್ತು ಭಾರದ ಎರಡರ ನಡುವೆ ಸಿಕ್ಕಿದರೆ ಸಾಲ್ವರ್ ಸೋಲುತ್ತದೆ, ಕೈ ಎಳೆದುಕೊಂಡು ಉದ್ದವಾಗುತ್ತದೆ. ಹಿಡಿತದ ಹೊತ್ತಿಗೆ ಮಾತ್ರ ಜಾಯಿಂಟ್‌ನ ಮಾಸ್ ಸ್ಕೇಲ್ (ಆ ಜಾಯಿಂಟ್‌ನ ಲೆಕ್ಕಕ್ಕೆ ಮಾತ್ರ ತೂಕ ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಬದಲಿಸಿ ಇದನ್ನು ತಡೆದೆ. ಅಂಗೈಗೆ ಬೇರೆ ರಿಜಿಡ್‌ಬಾಡಿ ಮಾಡದೆ ಬಿಟ್ಟದ್ದೂ ಇದೇ ಕಾರಣಕ್ಕೆ. ಹಿಡಿತ ಬಿಡುವುದನ್ನು ಬ್ರೇಕ್ ಫೋರ್ಸ್‌ಗೆ (ಇಷ್ಟು ಬಲ ಮೀರಿದರೆ ಜಾಯಿಂಟ್ ತುಂಡಾಗಲಿ ಅನ್ನುವ ಸೆಟ್ಟಿಂಗ್‌ಗೆ) ಬಿಡಬೇಡಿ. ಒಂದೇ ಸ್ಟೆಪ್‌ನಲ್ಲಿ ಬಲ ಏರಿ ಕೈ ಸುಮ್‌ಸುಮ್ನೆ ಬಿಟ್ಟುಹೋಗುತ್ತದೆ. ಬಲವನ್ನು ಕೆಲವು ಸ್ಟೆಪ್ ಸರಾಸರಿ ತೆಗೆದು, ಕ್ಯಾಚರ್‌ನ ಶಕ್ತಿಗೆ ಹೋಲಿಸಿ ನಾವೇ ಬಿಡಿಸುವುದು ವಾಸಿ.

ಇಷ್ಟೆಲ್ಲ ಸಾಮಾನ್ಯ ಫೋನಿನಲ್ಲಿ ಓಡಬೇಕಲ್ಲ. ಏಳು ಕ್ಯಾಚರ್, ಒಬ್ಬ ರೈಡರ್, ತಲಾ 11 ಅಂದರೆ 88 ರಿಜಿಡ್‌ಬಾಡಿ. ಹಾಗಾಗಿ ರೈಡರ್‌ನ ಕೈ ಕಾಲಿಗೆ ಎಟಕುವಷ್ಟು ಹತ್ತಿರ ಇರುವವರಿಗೆ ಮಾತ್ರ ಫಿಸಿಕ್ಸ್, ಉಳಿದವರಿಗೆ ಬರೀ ಅನಿಮೇಶನ್. ಫೋನ್ ಬಿಸಿಯಾಗುವುದು ಕಮ್ಮಿಯಾಯಿತು.

ಮೊನ್ನೆ ಪಕ್ಕದ ಮನೆಯವನಿಗೆ ಮತ್ತೆ ಕೊಟ್ಟೆ. ಈ ಸಲ ದೂರು ಬೇರೆ: "ಅಣ್ಣ, ಚೈನ್ ಹಾಕಿದ್ರೆ ಇಬ್ರ ಕೈಯೂ ನಡುಗ್ತದೆ." ನಿಜ. ಕೈ ಕೈ ಹಿಡಿದ ಇಬ್ಬರ ನಡುವೆ ರೈಡರ್ ನುಗ್ಗಿದಾಗ ಎರಡು ಹಗುರದ ಮುಂಗೈಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ, ಮಾಸ್ ಸ್ಕೇಲ್ ಅಲ್ಲಿ ಅಷ್ಟು ಕೆಲಸ ಮಾಡುತ್ತಿಲ್ಲ. ಚೈನ್ ಹಾಕಿದಾಗ ಕೈ ಕೈ ಜಾಯಿಂಟ್ ತೆಗೆದು, ಇಬ್ಬರ ಎದೆಗಳ ನಡುವೆ ಅಂತರ ಮೀರದಂತೆ ಒಂದು ಮಿತಿ ಹಾಕಿ, ಕೈಗಳನ್ನು ಬರೀ ನೋಟಕ್ಕೆ ಐಕೆಯಿಂದ (ಕೈ ತಲುಪಬೇಕಾದ ಜಾಗ ಕೊಟ್ಟರೆ ತೋಳಿನ ಭಂಗಿ ತಾನೇ ಲೆಕ್ಕ ಹಾಕುವ ವಿಧಾನ) ಸೇರಿಸಿ ನೋಡುತ್ತಿದ್ದೇನೆ. ನಡುಕ ನಿಂತಿದೆ. ಆದರೆ ರೈಡರ್ ಚೈನ್ ಒಡೆದು ಹೋಗುವಾಗ ಕೈ ಬಿಡುವ ಕ್ಷಣ ಇನ್ನೂ ಒಂದೆರಡು ಫ್ರೇಮ್ ತಡವಾಗುತ್ತಿದೆ, ಈಗ ಅದರ ಹಿಂದೆ ಬಿದ್ದಿದ್ದೇನೆ.