ತಲಾಖ್‌ನ ಸಂದೇಶ ಬಂದಾಗ ಮೊದಲು ಏನು ಮಾಡಬೇಕು?

ಗಂಡ ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುವ ಮನೆಗಳು ಮಂಗಳೂರು, ಉಡುಪಿಯ ಕಡೆ ಬೇಕಾದಷ್ಟಿವೆ. ಹಾಗಾಗಿ ತಲಾಖ್‌ನ ಮಾತು ಮೊಬೈಲಿಗೇ ಬಂದು ಬೀಳುವುದೂ ಉಂಟು. ಸಿಟ್ಟಿನಲ್ಲೋ ಮಾನಕ್ಕೆ ಅಂಜಿಯೋ ಅದನ್ನು ಅಳಿಸಿಹಾಕುವುದು ಮನೆಯವರು ಮಾಡುವ ಮೊದಲ ತಪ್ಪು. ಸಂದೇಶವನ್ನು ಹಾಗೆಯೇ ಉಳಿಸಿ, ದಿನಾಂಕ ಮತ್ತು ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಆಮೇಲೆ, ಬಂದಿರುವುದು ಯಾವ ಬಗೆಯ ತಲಾಖ್ ಎಂದು ನೋಡಬೇಕು. ಒಂದೇ ಉಸಿರಿಗೆ ಮೂರು ಸಲ ಹೇಳಿದ ತಲಾಖ್ ಬಾಯಿಮಾತಿನದಾಗಲಿ, ಕಾಗದದ್ದಾಗಲಿ, ವಾಟ್ಸ್ಆ್ಯಪಿನದಾಗಲಿ, 2019ರ ಮುಸ್ಲಿಂ ಮಹಿಳೆಯರ ವಿವಾಹ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಅಸಿಂಧು. ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ ಬೀಳಬಹುದು. ಅಂದರೆ ಮದುವೆ ಮುರಿದಿಲ್ಲ, ಆಕೆ ಇನ್ನೂ ಹೆಂಡತಿಯೇ. ಠಾಣೆಗೆ ಆಕೆಯೇ ದೂರು ಕೊಡಬಹುದು, ಇಲ್ಲವೇ ಆಕೆಯ ರಕ್ತಸಂಬಂಧಿಗಳು ಅಥವಾ ಮದುವೆಯಿಂದಾದ ಸಂಬಂಧಿಗಳು ಕೊಡಬಹುದು. ಮುಂದೆ ರಾಜಿಯಾಗುವುದಿದ್ದರೆ ಅದು ಆಕೆ ಬಯಸಿದರೆ ಮಾತ್ರ, ಮ್ಯಾಜಿಸ್ಟ್ರೇಟರ ಅನುಮತಿಯೊಂದಿಗೆ. ಒಮ್ಮೆ ಹೇಳಿ ಇದ್ದತ್ (ಮರುಮದುವೆಗೆ ಮುನ್ನ ಹೆಣ್ಣು ಕಾಯಬೇಕಾದ ಅವಧಿ) ಕಳೆಯಲು ಬಿಡುವ ತಲಾಖ್ ಈ ಕಾಯ್ದೆಗೆ ಒಳಪಡುವುದಿಲ್ಲ. ಆದರೆ ಅದಕ್ಕೂ ತಕ್ಕ ಕಾರಣವಿರಬೇಕು ಮತ್ತು ಎರಡೂ ಕಡೆಯಿಂದ ಒಬ್ಬೊಬ್ಬರು ಕುಳಿತು ಸಂಧಾನಕ್ಕೆ ಯತ್ನಿಸಿರಬೇಕು ಎಂದು ಸುಪ್ರೀಂ ಕೋರ್ಟು 2002ರ ಶಮೀಮ್ ಆರಾ ತೀರ್ಪಿನಲ್ಲಿ ಹೇಳಿದೆ.

ಮುಂದಿನ ಕೆಲಸ, ನಿಕಾಹ್ ನಡೆದ ಜಮಾಅತ್‌ನಿಂದ (ಊರಿನ ಮಸೀದಿಯ ಆಡಳಿತ ಸಮಿತಿಯಿಂದ) ದಾಖಲೆಯ ದೃಢೀಕೃತ ಪ್ರತಿ ಪಡೆಯುವುದು. ನನ್ನ ಕಣ್ಣಿಗೆ ಬಿದ್ದ ಒಂದು ಪ್ರತಿಯಲ್ಲಿ ಮಹರ್‌ನ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನದ) ಕಾಲಂನಲ್ಲಿ ನೀಲಿ ಶಾಯಿಯಲ್ಲಿ ‘3 ಪವನ್’, ಅಂದರೆ ಮೂರು ಸವರನ್ ಚಿನ್ನ, ಎಂದಷ್ಟೇ ಇತ್ತು. ಕೊಟ್ಟಾಯಿತೋ, ಬಾಕಿಯೋ ಎಂಬುದಕ್ಕೆ ಒಂದಕ್ಷರವಿಲ್ಲ. ಮದುವೆಯ ದಿನ ಬಿರಿಯಾನಿಯ ಲೆಕ್ಕವನ್ನು ಅಷ್ಟು ನಿಖರವಾಗಿ ಬರೆದಿಡುವ ನಾವು ಈ ಒಂದು ಪದ ಬರೆಸುವುದನ್ನು ಮರೆಯುತ್ತೇವೆ. ಮಹರ್ ಹೆಣ್ಣಿನ ಸ್ವಂತ ಸೊತ್ತು, ಬಾಕಿಯಿದ್ದರೆ ಅದು ಗಂಡನ ಮೇಲಿನ ಸಾಲ. ತವರಿನವರು, ಗಂಡನ ಕಡೆಯವರು ಕೊಟ್ಟ ಚಿನ್ನ, ಸಾಮಾನುಗಳೂ ಆಕೆಯವೇ. ಫೋಟೊ ಆಲ್ಬಂ, ಚಿನ್ನದಂಗಡಿಯ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ.

ಜೀವನಾಂಶದ ಬಗ್ಗೆ ‘ಇದ್ದತ್ ಮುಗಿಯಿತು, ಇನ್ನೇನೂ ಸಿಗದು’ ಎಂಬ ಮಾತು ಈಗಲೂ ಕೇಳಿಬರುತ್ತದೆ. ಇದು ತಪ್ಪು. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ ಕುರಿತ 1986ರ ಕಾಯ್ದೆ ಹೇಳುವುದು ಗಂಡನು ಇದ್ದತ್‌ನ ‘ಒಳಗೆ’ ನ್ಯಾಯಯುತವಾದ ಏರ್ಪಾಡು ಮಾಡಬೇಕು ಎಂದು, ಇದ್ದತ್‌ನ ‘ಮಟ್ಟಿಗೆ’ ಎಂದಲ್ಲ. 2001ರ ಡೇನಿಯಲ್ ಲತೀಫಿ ತೀರ್ಪು ನಿಂತಿರುವುದೇ ಈ ಒಂದು ಪದದ ಮೇಲೆ: ಆಕೆಯ ಮುಂದಿನ ಬದುಕಿಗೂ ಸಾಲುವಷ್ಟು ಏರ್ಪಾಡಾಗಬೇಕು. ಇದಲ್ಲದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ, ಅಂದರೆ ಇಂದಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು 1985ರಲ್ಲಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಜೀವನಾಂಶದ ಹಕ್ಕಿದೆ ಎಂದ ಶಾ ಬಾನು ತೀರ್ಪು ನೀಡಿದ ಐವರಲ್ಲಿ ಒಬ್ಬರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಗಂಡ ವಿದೇಶದಲ್ಲಿದ್ದರೂ ಹೆಂಡತಿ ತಾನು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶವನ್ನೂ ಜೊತೆಯಲ್ಲೇ ಕೇಳಿ. ನೋಟಿಸು ಜಾರಿಯಾದ 60 ದಿನಗಳೊಳಗೆ ಅದು ಸಾಧ್ಯವಾದಷ್ಟೂ ಇತ್ಯರ್ಥವಾಗಬೇಕೆಂಬುದು ನಿಯಮ.

ಬಿಡುಗಡೆ ಬೇಕಾಗಿರುವುದು ಹೆಣ್ಣಿಗೇ ಆಗಿದ್ದರೆ ಆತುರ ಬೇಡ. ಜಮಾಅತ್‌ನ ಹಿರಿಯರ ಮುಂದೆ ಖುಲಾ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ, ಬೇಗ ಮುಗಿಯುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದರ ಬೆಲೆಯಾಗಿ ಮಹರ್ ಬಿಟ್ಟುಕೊಡಬೇಕಾಗುತ್ತದೆ. ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಹೊಡೆದು ಬಡಿದು ಹಿಂಸಿಸುತ್ತಿದ್ದರೆ, ಆಕೆಯ ಆಸ್ತಿಯನ್ನು ಮಾರಿ ತಿಂದಿದ್ದರೆ, 1939ರ ವಿವಾಹ ವಿಸರ್ಜನಾ ಕಾಯ್ದೆಯಡಿ ನ್ಯಾಯಾಲಯದಿಂದಲೇ ವಿಚ್ಛೇದನ ಪಡೆಯಬಹುದು. ಹಾಗೆ ಪಡೆದರೆ ಮಹರ್‌ನ ಹಕ್ಕಿಗೆ ಧಕ್ಕೆಯಿಲ್ಲ ಎಂದು ಆ ಕಾಯ್ದೆಯ 5ನೇ ಕಲಮೇ ಹೇಳುತ್ತದೆ. ತಪ್ಪು ಗಂಡನದಾಗಿರುವಾಗ ಖುಲಾಕ್ಕೆ ಸಹಿ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಹೆಣ್ಣಿನ ಕೈಯಿಂದಲೇ ದಂಡ ಕಟ್ಟಿಸಿದಂತೆ.

ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆಧಾರ್ ಕಾರ್ಡು ಮತ್ತು ಮೇಲೆ ಹೇಳಿದ ಫೈಲನ್ನು ಹಿಡಿದು ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೊಡೆತದ ಭಯವಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಕೊನೆಗೆ ಮಾತುಕತೆ ಮುಗಿದು ಚಿನ್ನ ಕೈಗೆ ಬರುವ ದಿನ ‘ಎಲ್ಲ ಬಾಕಿ ಚುಕ್ತಾ’ ಎಂಬ ಕಾಗದವನ್ನು ಸಹಿಗೆ ಮುಂದೆ ಇಡುತ್ತಾರೆ. ಚಿನ್ನವನ್ನು ತೂಗಿಸಿ, ಗ್ರಾಂ ಲೆಕ್ಕವನ್ನು ಅದೇ ಕಾಗದದಲ್ಲಿ ಬರೆಸಿ, ಜೀವನಾಂಶದ ಹಕ್ಕು ಬಿಟ್ಟೆನೆಂಬ ಸಾಲು ಎಲ್ಲಾದರೂ ನುಸುಳಿದೆಯೇ ಎಂದು ವಕೀಲರಿಂದ ಓದಿಸಿದ ಮೇಲಷ್ಟೇ ಪೆನ್ನು ಹಿಡಿಯಿರಿ.